ಬಂದವರೂ ಬರಮಾಡಿಕೊಂಡವರೂ

ಉಗಾಂಡದ ಸರ್ವಾಧಿಕಾರಿ ಇದಿ ಅಮೀನನು 1972ರ ಆಗಸ್ಟ್ 4ರಂದು, ತನ್ನ ದೇಶದಲ್ಲಿ ನೆಲೆಸಿದ್ದ ಬ್ರಿಟಿಷ್ ಪಾಸ್‌ಪೋರ್ಟಿನ ಏಷ್ಯನ್ನರು 90 ದಿನಗಳೊಳಗೆ ಹೊರಡಬೇಕೆಂದು ಘೋಷಿಸಿದನು. ಅವರಲ್ಲಿ ಬಹುಮಂದಿ ಗುಜರಾತಿಗಳು. ಹಿಂದೂಗಳು, ಮುಸಲ್ಮಾನರೊಂದಿಗೆ ಜೈನ ಕುಟುಂಬಗಳೂ ಇದ್ದವು. ಮನೆ, ಅಂಗಡಿಗಳನ್ನು ಬಿಟ್ಟು, ಕುಟುಂಬವೊಂದಕ್ಕೆ ಸುಮಾರು 50 ಪೌಂಡುಗಳನ್ನಷ್ಟೇ ಹಿಡಿದು ಸುಮಾರು 28,000 ಮಂದಿ ಬ್ರಿಟನ್ನಿಗೆ ಬಂದಿಳಿದರು.

ಇವರನ್ನು ಕುರಿತು ಅಂದು ಹಬ್ಬಿದ ಮಾತುಗಳಲ್ಲಿ ಮೊದಲನೆಯದು, ಇವರು ಕರೆಯದೆ ನುಗ್ಗಿದ ಪರಕೀಯರೆಂಬುದು. ವಾಸ್ತವದಲ್ಲಿ ಇವರ ಕೈಯಲ್ಲಿದ್ದುದು ಬ್ರಿಟನ್ನೇ ನೀಡಿದ ಪಾಸ್‌ಪೋರ್ಟು. ಅದರ ಬೆಲೆಯನ್ನು ಬ್ರಿಟಿಷ್ ಸಂಸತ್ತೇ 1968ರ ಕಾಯಿದೆಯಿಂದ ಕುಗ್ಗಿಸಿತ್ತು. ಆದರೂ ಪ್ರಧಾನಿ ಎಡ್ವರ್ಡ್ ಹೀತ್ ಅವರ ಸರಕಾರವು ತನ್ನ ಹೊಣೆಯನ್ನು ಅಲ್ಲಗಳೆಯಲಿಲ್ಲ. ಸ್ವಪಕ್ಷದವರ ವಿರೋಧವನ್ನೂ ಲೆಕ್ಕಿಸದೆ ಬಾಗಿಲು ತೆರೆಯಿತು.

ಎರಡನೆಯದು, ಊರಿಗೆ ಹೊರೆಯಾಗುವರೆಂಬ ಭಯ. ಲೆಸ್ಟರ್ ನಗರಸಭೆಯು ಇದನ್ನು ಭಯದ ಮಟ್ಟದಲ್ಲೇ ಬಿಡಲಿಲ್ಲ. ಮನೆಗಳಿಲ್ಲ, ಶಾಲೆಗಳಲ್ಲಿ ಸ್ಥಳವಿಲ್ಲ, ನಮ್ಮೂರಿಗೆ ಬರಬೇಡಿರೆಂದು ಅದೇ ಸೆಪ್ಟೆಂಬರಿನಲ್ಲಿ ‘ಉಗಾಂಡ ಆರ್ಗಸ್’ ಪತ್ರಿಕೆಯಲ್ಲಿ ಜಾಹೀರಾತನ್ನೇ ಕೊಟ್ಟಿತು. ಲೆಸ್ಟರ್ ಎಂಬ ಊರಿನ ಹೆಸರನ್ನು ಕೆಲವರು ಮೊದಲು ಕೇಳಿದ್ದೇ ಈ ಜಾಹೀರಾತಿನಿಂದಂತೆ! ಬೇಡವೆಂದರೂ ಸಾವಿರಾರು ಮಂದಿ ಅಲ್ಲಿಗೇ ಹೋದರು. ಕೀನ್ಯಾದಿಂದ ಮೊದಲೇ ಬಂದ ಬಂಧುಗಳು ಅಲ್ಲಿದ್ದರು, ಗಿರಣಿಗಳಲ್ಲಿ ಕೆಲಸವಿತ್ತು. ಕಾಲಕ್ರಮದಲ್ಲಿ ಅವರು ತೆರೆದ ಅಂಗಡಿಗಳಿಂದ ಬೆಲ್‌ಗ್ರೇವ್ ರಸ್ತೆಯ ಸ್ವರೂಪವೇ ಬದಲಾಯಿತು. ನಗರದ ಹಳೆಯ ಚರ್ಚ್ ಕಟ್ಟಡವೊಂದರಲ್ಲಿ ಅಲ್ಲಿನ ಜೈನ ಸಮಾಜವು 1988ರಲ್ಲಿ ಜಿನಬಿಂಬಗಳನ್ನು ಪ್ರತಿಷ್ಠಾಪಿಸಿತು. ದಿಗಂಬರ, ಶ್ವೇತಾಂಬರ ಸಂಪ್ರದಾಯಗಳೆರಡಕ್ಕೂ ಅಲ್ಲಿ ಒಂದೇ ಸೂರು.

ಇನ್ನೊಂದು ತಪ್ಪು ತಿಳಿವಳಿಕೆಯುಂಟು. ಇದನ್ನು ಹಬ್ಬಿಸಿದವರು ವಿರೋಧಿಗಳಲ್ಲ, ಅಭಿಮಾನಿಗಳು. ಉಗಾಂಡದ ಏಷ್ಯನ್ನರು ಯಾರ ಮುಂದೆಯೂ ಕೈಯೊಡ್ಡದೆ ಸ್ವಂತ ದುಡಿಮೆಯಿಂದಲೇ ಮೇಲೆದ್ದರೆಂದು ಸಮಾರಂಭಗಳಲ್ಲಿ ಹೇಳುವುದುಂಟು. ದುಡಿಮೆ ನಿಜ, ಬರಿಗೈಯಲ್ಲಿ ಬಂದವರಿಗೆ ನೆರವು ಬೇಕಾಗಲಿಲ್ಲವೆಂಬುದು ಸುಳ್ಳು. ಬ್ರಿಟಿಷ್ ಸರಕಾರವು ಪುನರ್ವಸತಿ ಮಂಡಲಿಯೊಂದನ್ನು ರಚಿಸಿ, ಹಳೆಯ ಸೈನಿಕ ನೆಲೆಗಳಲ್ಲಿ 16 ಶಿಬಿರಗಳನ್ನು ತೆರೆಯಿತು. ಬಂದವರಲ್ಲಿ ಬಹುಪಾಲು ಜನ ಮೊದಲ ದಿನಗಳನ್ನು ಕಳೆದುದು ಅಲ್ಲಿಯೇ. ಚಳಿಯ ಅನುಭವವಿಲ್ಲದವರಿಗೆ ಕೋಟು, ಕಂಬಳಿಗಳನ್ನು ಹಂಚಿದವರು ಸ್ವಯಂಸೇವಕಿಯರು. ಸಾರ್ವಜನಿಕರ ತೆರಿಗೆಯ ಹಣ ಅದಕ್ಕೆ ವೆಚ್ಚವಾಯಿತು. ಪಡೆದ ಉಪಕಾರವನ್ನು ಮರೆಮಾಚಿ ಹೇಳುವ ಸ್ವಾವಲಂಬನೆಯ ಕಥೆಯು ಸತ್ಯವ್ರತಕ್ಕೆ ಹೊಂದುವುದೇ ಎಂಬುದು ವಿಚಾರಾರ್ಹ. ಆ ಕಥೆ ಮುಂದೆ ಬರುವ ನಿರಾಶ್ರಿತರಿಗೂ ಅನ್ಯಾಯ ಮಾಡುತ್ತದೆ: ಅವರು ನೆರವು ಕೇಳಿದರೆ, ‘ಇವರು ಕೇಳಲಿಲ್ಲವಲ್ಲ’ ಎಂದು ಇವರನ್ನೇ ಎತ್ತಿ ತೋರಿಸಲಾಗುತ್ತದೆ.

ಎಲ್ಲರೂ ವರ್ತಕರಾಗಿರಲಿಲ್ಲವೆಂಬುದನ್ನೂ ನೆನೆಯಬೇಕು. ಗುಮಾಸ್ತರು, ಶಿಕ್ಷಕರು, ಕುಶಲಕರ್ಮಿಗಳು ಅವರಲ್ಲಿದ್ದರು. ಇಂಥವರಿಗೆ ಮೊದಲು ಸಿಕ್ಕಿದ್ದು ಹೆಚ್ಚಾಗಿ ಕಾರ್ಖಾನೆಯ ಕೆಲಸ. ಶಿಬಿರಗಳಲ್ಲಿ ಕಡೆಯವರೆಗೆ ಉಳಿದವರೋ, ವೃದ್ಧರು, ರೋಗಿಗಳು, ದುಡಿಯುವವರಿಲ್ಲದ ದೊಡ್ಡ ಸಂಸಾರಗಳವರು. ಹೆಂಡತಿ ಮಕ್ಕಳು ಇಂಗ್ಲೆಂಡಿನ ಶಿಬಿರದಲ್ಲಿರಲು, ಯಾವ ದೇಶದ ಪೌರತ್ವವೂ ಇಲ್ಲದ ಗಂಡ ಯೂರೋಪಿನ ಬೇರೊಂದು ನಿರಾಶ್ರಿತರ ಶಿಬಿರದಲ್ಲಿ ಅನುಮತಿಗಾಗಿ ಕಾಯುತ್ತಿದ್ದ ಕುಟುಂಬಗಳೂ ಅವುಗಳಲ್ಲಿದ್ದವು.