ಬಟ್ಟೆಯಿಂದ ಮಾಡಿದ ಹಲ್ಲುಚಕ್ರ

ಹಳೆಯ ಕಾರುಗಳ ಮೆರವಣಿಗೆಯಲ್ಲಿ ನಿಮ್ಮ ಕಣ್ಣು ಹೊಳೆಯುವ ದೀಪಗಳ ಮೇಲೆ, ಹಿತ್ತಾಳೆಯ ಹಾರನ್ನಿನ ಮೇಲೆ ನಿಲ್ಲುತ್ತದೆ. ಕಾರಿನ ಒಡೆಯನ ಕಿವಿ ಮಾತ್ರ ಇಂಜಿನ್ನಿನ ಮುಂಭಾಗದ ಒಂದು ಮುಚ್ಚಳದ ಕಡೆಗಿರುತ್ತದೆ. ಟೈಮಿಂಗ್ ಗೇರುಗಳು ಇರುವುದು ಅದರ ಹಿಂದೆ.

ನಾಲ್ಕು ಹೊಡೆತದ ಇಂಜಿನ್ನಿನಲ್ಲಿ ಕ್ರ್ಯಾಂಕ್ ಶಾಫ್ಟ್ ಎರಡು ಸುತ್ತು ಬರುವಷ್ಟರಲ್ಲಿ ಪ್ರತಿಯೊಂದು ವಾಲ್ವೂ ಒಮ್ಮೆ ಮಾತ್ರ ತೆರೆದು ಮುಚ್ಚಬೇಕು. ಆದ್ದರಿಂದಲೇ ವಾಲ್ವುಗಳನ್ನು ಎತ್ತುವ ಕ್ಯಾಮ್ ಶಾಫ್ಟಿನ ಗೇರಿಗೆ ಕ್ರ್ಯಾಂಕಿನ ಗೇರಿನ ಎರಡರಷ್ಟು ಹಲ್ಲುಗಳು. ಲೆಕ್ಕವೇನೋ ಸುಲಭ. ತೊಂದರೆ ಶಬ್ದದ್ದು. ಕ್ಯಾಮ್ ವಾಲ್ವಿನ ಸ್ಪ್ರಿಂಗನ್ನು ಒತ್ತುವಾಗ ಗೇರಿನ ಹಲ್ಲಿಗೆ ಭಾರ ಬೀಳುತ್ತದೆ. ಕ್ಯಾಮಿನ ತುದಿ ದಾಟಿದೊಡನೆ ಅದೇ ಸ್ಪ್ರಿಂಗು ಕ್ಯಾಮನ್ನು ಮುಂದಕ್ಕೆ ತಳ್ಳುತ್ತದೆ. ಹಲ್ಲುಗಳ ನಡುವಿನ ಕೂದಲೆಳೆಯಷ್ಟು ಸಂದಿನಲ್ಲಿ ಈ ತಾಕಲಾಟ ನಿಮಿಷಕ್ಕೆ ಸಾವಿರಾರು ಸಲ ನಡೆಯುತ್ತದೆ. ಉಕ್ಕಿಗೆ ಉಕ್ಕು ತಾಗಿದರೆ ಇಂಜಿನ್ನು ಗೊಣಗದೆ ಇದ್ದೀತೆ?

ಹಾನ್ಸ್ ರೆನಾಲ್ಡ್ 1895ರಲ್ಲಿ ರೂಪಿಸಿದ ನಿಶ್ಶಬ್ದ ಸರಪಳಿಯನ್ನು ಕೆಲವು ತಯಾರಕರು ಆರಿಸಿಕೊಂಡರು. ಅಮೆರಿಕದಲ್ಲಿ ಹಲವರು ಹಿಡಿದ ದಾರಿ ಬೇರೆ: ಬಟ್ಟೆಯ ಪದರಗಳನ್ನು ಬೇಕಲೈಟ್ ರಾಳದಲ್ಲಿ ಅದ್ದಿ, ಕಾಯಿಸಿ, ಒತ್ತಿ, ಅದರಿಂದ ಗೇರು ಕೊರೆಯುವುದು. ನಿಮ್ಮ ಮನೆಯ ಮೇಜಿಗೆ ಹೊದಿಸಿದ ನುಣುಪಾದ ಹಾಳೆಯೂ ಇದೇ ವಂಶದ್ದು. 1913ರಲ್ಲಿ ಸಿನ್ಸಿನಾಟಿಯಲ್ಲಿ ಆರಂಭವಾದ ಫಾರ್ಮೈಕಾ ಸಂಸ್ಥೆ, ಮೇಜಿನ ಹಾಳೆಗೆ ಹೆಸರಾಗುವ ಮೊದಲು ಕಾರಿನ ಗೇರುಗಳನ್ನು ಮಾಡುತ್ತಿತ್ತು!

1927ರ ಕೊನೆಯಲ್ಲಿ ಬಂದ ಫೋರ್ಡ್ ಮಾಡೆಲ್ ಎ ಕಾರಿನಲ್ಲೂ ಇಂಥದೇ ಗೇರು. 1931ರವರೆಗೆ ಸುಮಾರು 48 ಲಕ್ಷ ಕಾರುಗಳು ತಯಾರಾದವು. ಉಕ್ಕಿನ ಪುಟ್ಟ ಗೇರು ನಾರಿನ ದೊಡ್ಡ ಗೇರನ್ನು ಸದ್ದಿಲ್ಲದೆ ತಿರುಗಿಸುತ್ತಿತ್ತು. ಆದರೆ ವರ್ಷಗಟ್ಟಲೆ ಶಾಖ ಮತ್ತು ಎಣ್ಣೆ ಉಂಡ ನಾರು ಒಂದು ದಿನ, ಮುನ್ಸೂಚನೆಯನ್ನೇ ಕೊಡದೆ, ಹಲ್ಲು ಕಳಚಿಕೊಳ್ಳುತ್ತದೆ. ಕ್ಯಾಮ್ ಶಾಫ್ಟ್ ನಿಂತರೆ ಅದರಿಂದಲೇ ನಡೆಯುವ ಕಿಡಿಯ ವ್ಯವಸ್ಥೆಯೂ ಎಣ್ಣೆಯ ಪಂಪೂ ನಿಲ್ಲುತ್ತವೆ. ಕಾರು ನಡುದಾರಿಯಲ್ಲಿ ತಣ್ಣಗಾಗುತ್ತದೆ. ಅದೃಷ್ಟವಶಾತ್ ಈ ಇಂಜಿನ್ನಿನ ವಾಲ್ವುಗಳು ಸಿಲಿಂಡರಿನ ಪಕ್ಕದಲ್ಲಿವೆ, ಪಿಸ್ಟನ್ ಅವಕ್ಕೆ ಬಡಿಯುವುದಿಲ್ಲ.

ರಿಪೇರಿಯಲ್ಲಿ ಎಡವುವುದು ಸುಲಭ. ಉದುರಿದ ನಾರಿನ ಚೂರುಗಳು ಎಣ್ಣೆಯ ತಟ್ಟೆಗೆ ಬಿದ್ದು ಪಂಪಿನ ಜಾಲರಿಯನ್ನು ಮುಚ್ಚುತ್ತವೆ. ತಟ್ಟೆ ಬಿಚ್ಚಿ ತೊಳೆಯದಿದ್ದರೆ ಬೇರಿಂಗುಗಳಿಗೇ ಕುತ್ತು. ಸವೆದ ಉಕ್ಕಿನ ಗೇರನ್ನು ಹಾಗೇ ಬಿಟ್ಟರೆ ಅದು ಹೊಸ ನಾರನ್ನೂ ಕಡಿದುಹಾಕುತ್ತದೆ. ಎರಡು ಗೇರುಗಳ ಗುರುತುಗಳು ಕೂಡಲೇಬೇಕು. ಒಂದೇ ಹಲ್ಲು ತಪ್ಪಿದರೂ ವಾಲ್ವುಗಳು ಹೊತ್ತಲ್ಲದ ಹೊತ್ತಿನಲ್ಲಿ ತೆರೆಯುತ್ತವೆ.

ಫೋರ್ಡ್ ಇಂಜಿನಿಯರುಗಳ ಒಂದು ಜಾಣತನ ನನಗೆ ಬಹಳ ಇಷ್ಟ. ಮುಚ್ಚಳದಲ್ಲಿರುವ ಪಿನ್ನನ್ನು ಬಿಚ್ಚಿ, ತಿರುವುಮುರುವು ಮಾಡಿ ಅದೇ ತೂತಿಗೆ ತೂರಿಸಿ, ಹ್ಯಾಂಡಲನ್ನು ನಿಧಾನವಾಗಿ ತಿರುಗಿಸಬೇಕು. ಗೇರಿನ ಮುಖದ ಕುಳಿಯೊಳಗೆ ಪಿನ್ನು ಇಳಿದರೆ, ಕಿಡಿಯನ್ನು ಹೊಂದಿಸಲು ಮೊದಲನೆಯ ಸಿಲಿಂಡರು ಸಿದ್ಧವೆಂದು ಅರ್ಥ. ಬೇರೆ ಉಪಕರಣವೇ ಬೇಡ.

ಈಗ ಅಲ್ಯೂಮಿನಿಯಮ್ಮಿನ ಗೇರುಗಳೂ ಸಿಗುತ್ತವೆ. ಅವು ಗಟ್ಟಿ, ಆದರೆ ಸದ್ದು ಮಾಡಬಲ್ಲವು. ಹಾಗಾಗಿ ಇಂದಿಗೂ ನಾರಿನದನ್ನೇ ಹಾಕಿಸಿ, ದೂರದ ಪ್ರಯಾಣಕ್ಕೆ ಇನ್ನೊಂದನ್ನು ಜೊತೆಗಿಟ್ಟುಕೊಂಡು ಹೊರಡುವವರುಂಟು.