ಉಗ್ಗುವ ಡಾಕ್ಟರು ಮತ್ತು ಮಾತಿನ ಮದ್ದು

"ಹೇಳ್ಕಂಡ್ರೆ ಹಗುರ ಆತ್ತ್" ಅಂತ ನಮ್ಮ ಕುಂದಾಪುರದ ಕಡೆ ಹೇಳದ ಹಿರಿಯರಿಲ್ಲ. "ಹೋದ್ದ್ ಹೋಯ್ತ್, ಮರ್ತ್ ಬಿಡ್" ಅಂತ ಹೇಳದವರೂ ಇಲ್ಲ. ತಮಾಷೆ ಅಂದ್ರೆ ಎರಡನ್ನೂ ಒಂದೇ ಬಾಯಿ ಹೇಳುತ್ತದೆ, ಕೆಲವೊಮ್ಮೆ ಒಂದೇ ದಿನ. ಬೆಳಿಗ್ಗೆ ಹೇಳಿಕೋ, ಸಂಜೆ ಮರೆತುಬಿಡು! ಈ ಎರಡು ಬುದ್ಧಿಮಾತುಗಳಲ್ಲಿ ಯಾವುದು ಸರಿ ಅನ್ನುವ ಪ್ರಶ್ನೆ ಮೊದಲ ಮಹಾಯುದ್ಧದ ಹೊತ್ತಿಗೆ ದೊಡ್ಡ ಜಗಳವೇ ಆಗಿತ್ತು. ಆ ಜಗಳದ ನಡುವೆ ಇದ್ದ ಡಾಕ್ಟರೊಬ್ಬರ ಕಥೆ ನನಗೆ ಬಹಳ ಹಿಡಿಸಿದೆ. ಅವರು ಅದಕ್ಕೂ ಮುಂಚೆ ನಮ್ಮ ಪಕ್ಕದ ನೀಲಗಿರಿಗೆ ಬಂದು ಕೂತವರು ಅನ್ನುವುದು ಇನ್ನೊಂದು ಕಾರಣ.

ಕಥೆಯ ಬುಡ ವಿಯೆನ್ನಾದಲ್ಲಿದೆ. 1880ರಲ್ಲಿ ಯೋಸೆಫ್ ಬ್ರಾಯರ್ ಎಂಬ ವೈದ್ಯರು 21 ವರ್ಷದ ಹುಡುಗಿಯೊಬ್ಬಳಿಗೆ ಚಿಕಿತ್ಸೆ ಶುರುಮಾಡಿದರು. ತಂದೆಯ ಆರೈಕೆ ಮಾಡುತ್ತಾ ಮಾಡುತ್ತಾ ಅವಳ ಕೈಕಾಲು ಮರಗಟ್ಟಿತ್ತು. ಮಾತೃಭಾಷೆ ಜರ್ಮನ್ ಮರೆತೇ ಹೋಗಿ ಇಂಗ್ಲಿಷ್ ಮಾತ್ರ ಆಡುತ್ತಿದ್ದಳು. ಮನಸ್ಸಿನಲ್ಲಿದ್ದದ್ದನ್ನು ಡಾಕ್ಟರ ಮುಂದೆ ಹೇಳಿದಾಗ ಒಂದೊಂದೇ ಲಕ್ಷಣ ಸಡಿಲವಾಗುತ್ತಿತ್ತಂತೆ. "ಮಾತಿನ ಚಿಕಿತ್ಸೆ" ಎಂಬ ಹೆಸರು ಕೊಟ್ಟವಳು ಅವಳೇ. ತಮಾಷೆಗೆ "ಹೊಗೆಗೂಡು ಗುಡಿಸುವುದು" ಅಂತಲೂ ಕರೆದಳು. ಡಾಕ್ಟರು ಅಲ್ಲ, ರೋಗಿ ಇಟ್ಟ ಹೆಸರು ಇದು, ಗಮನಿಸಿ. 1895ರಲ್ಲಿ ಬ್ರಾಯರ್ ಮತ್ತು ಫ್ರಾಯ್ಡ್ ಸೇರಿ ಬರೆದ ಪುಸ್ತಕದಲ್ಲಿ ಅವಳು "ಅನ್ನಾ ಓ". ನಿಜವಾದ ಹೆಸರು ಬರ್ಥಾ ಪಾಪೆನ್‌ಹೈಮ್. ಪುಸ್ತಕದ ಪ್ರಕಾರ ಅವಳು ಕೊನೆಗೆ ಪೂರ್ತಿ ಗುಣವಾದಳು. ಆದರೆ 1882ರಲ್ಲಿ ಬ್ರಾಯರ್ ಚಿಕಿತ್ಸೆ ಮುಗಿದ ಕೂಡಲೇ ಅವಳು ಸ್ವಿಜರ್ಲೆಂಡಿನ ಆಸ್ಪತ್ರೆಯೊಂದಕ್ಕೆ ದಾಖಲಾದದ್ದು ಆಮೇಲೆ ಹೊರಬಂತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಬ್ಯಾಲೆನ್ಸ್ ಶೀಟನ್ನು ಸ್ವಲ್ಪ ಚಂದ ಮಾಡಿ ತೋರಿಸಿದ್ದರು :) ಆದರೂ ಆಕೆ ಮುಂದೆ ಜರ್ಮನಿಯಲ್ಲಿ ಅನಾಥ ಹೆಣ್ಣುಮಕ್ಕಳಿಗಾಗಿ ದುಡಿದು ದೊಡ್ಡ ಹೆಸರು ಮಾಡಿದರು.

ಇನ್ನು ನಮ್ಮ ಡಾಕ್ಟರು. ಡಬ್ಲ್ಯು. ಎಚ್. ಆರ್. ರಿವರ್ಸ್, ಹುಟ್ಟಿದ್ದು 1864ರಲ್ಲಿ. ತಂದೆ ಪಾದ್ರಿ, ಜೊತೆಗೆ ಉಗ್ಗುವವರಿಗೆ ಮಾತು ಕಲಿಸುವ ಕೆಲಸ. ಆದರೆ ಸ್ವಂತ ಮಗನ ಉಗ್ಗು ಮಾತ್ರ ಹೋಗಲಿಲ್ಲ! ಮಾತಿನ ಮನೆಯಲ್ಲಿ ಹುಟ್ಟಿ ಮಾತಿಗೆ ತಡಕಾಡುತ್ತಾ ಬೆಳೆದವರು ಈ ರಿವರ್ಸ್. ಬೇರೆಯವರು ಮಾತಿಗೆ ತಡಕಾಡುವಾಗ ಕಾಯುವ ತಾಳ್ಮೆ ಇಲ್ಲಿಂದಲೇ ಬಂದಿರಬೇಕು ಅಂತ ನನ್ನ ಊಹೆ.

ಓದಿದ್ದು ವೈದ್ಯಕೀಯ, ಹತ್ತಿದ್ದು ಮಾನವಶಾಸ್ತ್ರದ ಹುಚ್ಚು. 1901-02ರಲ್ಲಿ ನೀಲಗಿರಿಗೆ ಬಂದರು, ತೋಡರ ನಡುವೆ. ಆಗ ತೋಡರ ಸಂಖ್ಯೆ ಸುಮಾರು 800. ದುಭಾಷಿಗಳನ್ನು ಇಟ್ಟುಕೊಂಡು ಒಂದೊಂದು ಮನೆತನದ ವಂಶಾವಳಿಯನ್ನು ಕೇಳಿ ಕೇಳಿ ಬರೆದುಕೊಂಡರು. ಯಾರು ಯಾರ ಮಗ, ಯಾರು ಎಲ್ಲಿಗೆ ಮದುವೆಯಾದರು, ಯಾರು ತೀರಿಕೊಂಡರು... 1906ರಲ್ಲಿ ಪುಸ್ತಕ ಬಂತು. ತೋಡರ ಸಾವಿನ ಮನೆಯ ವಿವರ ಅದರಲ್ಲಿದೆ. ದುಃಖಪಡುವವರು ಇಬ್ಬಿಬ್ಬರಾಗಿ ಕೂತು, ಹಣೆಗೆ ಹಣೆ ತಾಗಿಸಿ ಅಳುತ್ತಾರೆ. ಒಬ್ಬರೇ ಮೂಲೆಯಲ್ಲಿ ಕೂತು ಅಳುವುದಲ್ಲ, ಅಳುವುದಕ್ಕೂ ಜೊತೆ ಬೇಕು. ಇನ್ನೊಂದು ಸಂಗತಿಯನ್ನೂ ರಿವರ್ಸ್ ಮುಚ್ಚಿಡದೆ ಬರೆದಿದ್ದಾರೆ. ಅವರಿಗೆ ಒಳಗಿನ ಆಚರಣೆಗಳನ್ನು ಹೇಳಿಕೊಟ್ಟ ಕೆಲವರ ಮನೆಯಲ್ಲಿ ಕಾಯಿಲೆ, ಸಾವು ಬಂತು. ಗುಟ್ಟು ಬಿಟ್ಟುಕೊಟ್ಟದ್ದಕ್ಕೆ ದೇವರು ಮುನಿದ ಅಂತ ಜನ ಅಂದುಕೊಂಡರು, ಬಾಯಿ ಮುಚ್ಚಿದರು. ಎಲ್ಲ ಮಾತೂ ಹಗುರ ಮಾಡುವುದಿಲ್ಲ, ಕೆಲವು ಮಾತಿಗೆ ಬೆಲೆ ತೆರಬೇಕಾಗುತ್ತದೆ ಅನ್ನುವುದನ್ನು ರಿವರ್ಸ್ ನಮ್ಮ ಬೆಟ್ಟದಲ್ಲೇ ನೋಡಿದ್ದರು.

1914ರಲ್ಲಿ ಯುದ್ಧ ಶುರುವಾಯಿತು. ಕೆಲವೇ ತಿಂಗಳಲ್ಲಿ ಒಂದು ವಿಚಿತ್ರ ಕಾಯಿಲೆ. ಮೈಮೇಲೆ ಗಾಯ ಇಲ್ಲ, ಆದರೆ ಮಾತು ನಿಂತಿದೆ, ಕಾಲು ಬಿದ್ದಿದೆ, ಕೈ ನಡುಗುತ್ತಿದೆ, ರಾತ್ರಿ ಕಿರುಚಿ ಏಳುತ್ತಾರೆ. 1915ರ ಫೆಬ್ರವರಿಯಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ಡಾಕ್ಟರು ಲ್ಯಾನ್ಸೆಟ್ ಪತ್ರಿಕೆಯಲ್ಲಿ "ಶೆಲ್ ಶಾಕ್" ಎಂಬ ಪದ ಬಳಸಿದರು. ಪಕ್ಕದಲ್ಲಿ ಶೆಲ್ ಸಿಡಿದು ಮೆದುಳು ಅಲುಗಿದೆ ಎಂಬ ಅರ್ಥದಲ್ಲಿ. ಆದರೆ ಶೆಲ್ ಹತ್ತಿರಕ್ಕೇ ಬರದವರಿಗೂ ಇದೇ ಕಾಯಿಲೆ! ಸೇನೆಗೆ ಲೆಕ್ಕದ ತಲೆನೋವು ಶುರುವಾಯಿತು. ಇದು ಯುದ್ಧದ ಗಾಯವೋ, ಬರೀ ಕಾಯಿಲೆಯೋ? ಶತ್ರುವಿನ ಶೆಲ್ಲಿನಿಂದ ಆದದ್ದಾದರೆ "ಡಬ್ಲ್ಯು", ಅಂದರೆ ಗಾಯ. ಅವನಿಗೆ ಗಾಯಾಳುವಿನ ಪಟ್ಟಿ, ಪಿಂಚಣಿಯ ಹಕ್ಕು. ಇಲ್ಲದಿದ್ದರೆ "ಎಸ್", ಅಂದರೆ ಸಿಕ್, ಅಷ್ಟೇ. ಒಂದು ಅಕ್ಷರದ ಮೇಲೆ ಒಬ್ಬ ಮನುಷ್ಯನ ಮರ್ಯಾದೆ ನಿಂತಿತ್ತು. ಮೂವತ್ತು ವರ್ಷ ಫಾರಂಗಳ ನಡುವೆ ಬದುಕಿದ ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಯಾವ ಕಾಲಮ್ಮಿನಲ್ಲಿ ಬರೆಯಬೇಕು ಅಂತ ಗೊತ್ತಿಲ್ಲದ ನೋವು ನೋವೇ ಅಲ್ಲ.

ಚಿಕಿತ್ಸೆಯೋ, ಕೇಳಬೇಡಿ. ಲಂಡನ್ನಿನಲ್ಲಿ ಲೂಯಿಸ್ ಯೆಲ್ಯಾಂಡ್ ಎಂಬ ಡಾಕ್ಟರು ಮಾತು ನಿಂತ ಸಿಪಾಯಿಯೊಬ್ಬನನ್ನು ಕೋಣೆಯೊಳಗೆ ಕೂಡಿಹಾಕಿ, ಗಂಟಲಿಗೆ ಗಂಟೆಗಟ್ಟಲೆ ಕರೆಂಟು ಕೊಟ್ಟು ಮಾತಾಡಿಸಿದರು. ಮಾತಾಡುವವರೆಗೂ ಹೊರಗೆ ಬಿಡುವುದಿಲ್ಲ ಅಂತ ಹೇಳಿಯೇ! ಹಾಗೆ ನೋಡಿದರೆ ಅದೂ ಒಂದು "ಮಾತಿನ ಚಿಕಿತ್ಸೆ"ಯೇ... ಇನ್ನು ಓಡಿಹೋದರು, ಹೇಡಿತನ ತೋರಿದರು ಮುಂತಾದ ಅಪರಾಧಕ್ಕೆ ಬ್ರಿಟಿಷ್ ಸೇನೆ ಗುಂಡಿಕ್ಕಿ ಕೊಂದ ತನ್ನದೇ 306 ಸಿಪಾಯಿಗಳಿಗೆ ಕ್ಷಮಾದಾನ ಸಿಕ್ಕಿದ್ದು 2006ರಲ್ಲಿ.

ರಿವರ್ಸ್ 1916ರಲ್ಲಿ ಎಡಿನ್‌ಬರೋ ಹತ್ತಿರದ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಗೆ ಬಂದರು. ವಯಸ್ಸು ಐವತ್ತು ದಾಟಿತ್ತು. ಅಲ್ಲಿಗೆ ಬರುತ್ತಿದ್ದವರು ಸೇನಾಧಿಕಾರಿಗಳು ಮಾತ್ರ. ಎಲ್ಲರಿಗೂ ಅದುವರೆಗೆ ಸಿಕ್ಕಿದ್ದ ಸಲಹೆ ಒಂದೇ: ಯುದ್ಧದ ಯೋಚನೆ ಬಿಡಿ, ಚಂದದ ವಿಷಯ ನೆನೆಸಿಕೊಳ್ಳಿ, ಓದಿ, ಆಟ ಆಡಿ. ಥೇಟ್ ನಮ್ಮ "ಮರ್ತ್ ಬಿಡ್". ಹಗಲೆಲ್ಲ ಕಷ್ಟಪಟ್ಟು ಮರೆಯುವುದು, ರಾತ್ರಿ ಅದೆಲ್ಲ ಬಡ್ಡಿ ಸಮೇತ ಕನಸಿನಲ್ಲಿ ಬರುವುದು. ರಿವರ್ಸ್ ಉಲ್ಟಾ ಹೊಡೆದರು. ಕೂತು ಕೇಳಿದರು. ನೆನಪನ್ನು ಓಡಿಸಬೇಡಿ, ಹಾಗಂತ ದಿನವಿಡೀ ಅದರಲ್ಲೇ ಮುಳುಗಲೂ ಬೇಡಿ. ಹೊರಗೆ ತೆಗೆದು ನೋಡೋಣ, ಅದರೊಂದಿಗೆ ಬದುಕಬಹುದಾದ ಯಾವುದಾದರೂ ಒಂದು ಮುಖ ಸಿಗುತ್ತದಾ ಅಂತ ಹುಡುಕೋಣ ಎಂದರು. 1917ರ ಡಿಸೆಂಬರಿನಲ್ಲಿ ಲಂಡನ್ನಿನ ವೈದ್ಯರ ಸಭೆಯಲ್ಲಿ ಇದನ್ನು ಮಂಡಿಸಿದರು. ಮರುವರ್ಷದ ಫೆಬ್ರವರಿಯಲ್ಲಿ ಅದು ಲ್ಯಾನ್ಸೆಟ್‌ನಲ್ಲಿ ಅಚ್ಚಾಯಿತು.

ಅದರಲ್ಲಿ ಎರಡು ಕೇಸು ನನಗೆ ಮರೆಯಲಾಗುವುದಿಲ್ಲ. ಒಬ್ಬ ಅಧಿಕಾರಿ ತನ್ನ ಗೆಳೆಯನನ್ನು ಹುಡುಕಿಕೊಂಡು ಹೋದ, ಸಿಕ್ಕಿದ್ದು ಚೂರುಚೂರಾದ ದೇಹ. ಅಂದಿನಿಂದ ರಾತ್ರಿಯೆಲ್ಲ ಆ ಗೆಳೆಯ ಕನಸಿನಲ್ಲಿ ನಡೆದು ಹತ್ತಿರ ಬರುತ್ತಿದ್ದ. ರಿವರ್ಸ್ ಅವನಿಗೆ ಹೇಳಿದ್ದು ಇಷ್ಟೇ: ದೇಹ ಆ ಸ್ಥಿತಿಯಲ್ಲಿತ್ತು ಅಂದರೆ ಸಾವು ಒಂದೇ ಕ್ಷಣದಲ್ಲಿ ಬಂದಿದೆ, ನಿನ್ನ ಗೆಳೆಯ ನರಳಲಿಲ್ಲ. ಕೇಳಿದವನ ಮುಖ ಅರಳಿತು. ಕೆಲವು ರಾತ್ರಿ ಕನಸೇ ಇಲ್ಲ. ಆಮೇಲೆ ಬಂದ ಕನಸಿನಲ್ಲಿ ಅವನು ಗೆಳೆಯನ ಪಕ್ಕ ಮಂಡಿಯೂರಿ, ಮನೆಯವರಿಗೆ ಕಳಿಸಲು ಸಾಮಾನುಗಳನ್ನು ಮೆಲ್ಲಗೆ ತೆಗೆಯುತ್ತಿದ್ದ. ಎದ್ದಾಗ ಇದ್ದದ್ದು ದುಃಖ, ಭಯ ಅಲ್ಲ. ಆದ ಘಟನೆ ಬದಲಾಗಲಿಲ್ಲ. ನೋಡುವ ಜಾಗ ಮಾತ್ರ ಬದಲಾಯಿತು.

ಇನ್ನೊಬ್ಬ ಅಧಿಕಾರಿ ಶೆಲ್ಲಿನ ಹೊಡೆತಕ್ಕೆ ಎಸೆಯಲ್ಪಟ್ಟು ಕೊಳೆತ ಹೆಣವೊಂದರ ಮೇಲೆ ಮುಖ ಅಡಿಯಾಗಿ ಬಿದ್ದಿದ್ದ. ಆ ರುಚಿ, ಆ ವಾಸನೆ ಬಿಡಲೇ ಇಲ್ಲ. ಇದರಲ್ಲಿ ಸಮಾಧಾನದ ಯಾವ ಮುಖವೂ ರಿವರ್ಸರಿಗೆ ಸಿಗಲಿಲ್ಲ. ಅವನು ಸೇನೆ ಬಿಟ್ಟು, ಮೊದಲೇ ನೆಮ್ಮದಿ ಕೊಟ್ಟಿದ್ದ ಹಳ್ಳಿಗಾಡಿನ ಬದುಕಿಗೆ ಹೋಗುವುದೇ ಒಳ್ಳೆಯದು ಅಂದರು. ಗೆದ್ದ ಕೇಸಿನ ಜೊತೆ ಸೋತ ಕೇಸನ್ನೂ ಬರೆದರು ನೋಡಿ, ಅದಕ್ಕೇ ಈ ಮನುಷ್ಯನ ಮೇಲೆ ನನಗೆ ನಂಬಿಕೆ. ಬ್ರಾಯರ್ ಹಾಗೆ ಮಾಡಲಿಲ್ಲ.

ರಿವರ್ಸರ ಪ್ರಸಿದ್ಧ ರೋಗಿ ಕವಿ ಸೀಗ್‌ಫ್ರೀಡ್ ಸಸೂನ್. ಶೌರ್ಯಪದಕ ಪಡೆದವನು. 1917ರ ಜುಲೈನಲ್ಲಿ ಈ ಯುದ್ಧ ಬೇಕೆಂದೇ ಎಳೆಯಲಾಗುತ್ತಿದೆ ಎಂದು ಬಹಿರಂಗ ಹೇಳಿಕೆ ಕೊಟ್ಟ. ಕೋರ್ಟ್ ಮಾರ್ಷಲ್ ಮಾಡಿದರೆ ಗಲಾಟೆ, ಹುಚ್ಚ ಅಂದರೆ ಸುಲಭ. ಕ್ರೇಗ್‌ಲಾಕ್‌ಹಾರ್ಟಿಗೆ ಕಳಿಸಿದರು. ಅವನಿಗೆ ಹುಚ್ಚಿಲ್ಲ ಅಂತ ರಿವರ್ಸರಿಗೆ ಗೊತ್ತಿತ್ತು. ಆದರೂ ಅವರ ಕೆಲಸ ಅವನನ್ನು ಮತ್ತೆ ಕಂದಕಕ್ಕೆ ಕಳಿಸುವುದು. ಈ ಚಿಕಿತ್ಸೆಯ ನೈತಿಕ ಗಂಟು ಇಲ್ಲೇ ಇದೆ. ಮನುಷ್ಯನನ್ನು ರಿಪೇರಿ ಮಾಡಿ ಕಳಿಸುವುದು ಎಲ್ಲಿಗೆ, ಅವನನ್ನು ಮುರಿದ ಜಾಗಕ್ಕೇ! ನವೆಂಬರಿನಲ್ಲಿ ಸಸೂನ್ ತಾನಾಗಿಯೇ ಹಿಂದಿರುಗಲು ಒಪ್ಪಿದ. ರಿವರ್ಸರಿಗೂ ಕಸಿವಿಸಿ ಇತ್ತು. ಇದೇ ತಾಕಲಾಟ ತಮ್ಮ ಕನಸಿನಲ್ಲಿ ಬಂದದ್ದನ್ನು ಅವರೇ ಬರೆದಿದ್ದಾರೆ.

ನನ್ನ ತಕರಾರು ಒಂದಿದೆ. ಕೂತು ಕೇಳುವ ಡಾಕ್ಟರು ಸಿಕ್ಕಿದ್ದು ಅಧಿಕಾರಿಗಳಿಗೆ, ಗಂಟಲಿಗೆ ಕರೆಂಟು ಸಿಪಾಯಿಗೆ. ಇನ್ನು ನಮ್ಮವರು? ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಆ ಯುದ್ಧಕ್ಕೆ ಸಮುದ್ರ ದಾಟಿದರು. ಫ್ರಾನ್ಸಿನಿಂದ ಅವರು ಬರೆಸಿದ ಕಾಗದಗಳನ್ನು ಸೆನ್ಸಾರ್ ಕಚೇರಿ ಓದಿ, ಅನುವಾದಿಸಿ ಇಟ್ಟುಕೊಂಡಿತು. ಹಾಗಾಗಿಯೇ ಅವು ಇಂದಿಗೂ ಉಳಿದಿವೆ. ನೇರ ಬರೆದರೆ ಕತ್ತರಿ ಬೀಳುತ್ತದೆ ಅಂತ ಕರಿಮೆಣಸು ಅಂದರೆ ಭಾರತೀಯರು, ಕೆಂಪುಮೆಣಸು ಅಂದರೆ ಬಿಳಿಯರು ಎಂಬ ಗುಟ್ಟಿನ ಮಾತಿನಲ್ಲಿ ಸಾವಿನ ಲೆಕ್ಕ ಊರಿಗೆ ಕಳಿಸುತ್ತಿದ್ದರು. ಹೇಳಿಕೊಳ್ಳಲು ಅವರಿಗಿದ್ದದ್ದು ಆ ಒಂದು ಕಾಗದ, ಅದನ್ನೂ ಮೊದಲು ಓದುವವನು ಸೆನ್ಸಾರ್.

ರಿವರ್ಸ್ 1922ರಲ್ಲಿ ತೀರಿಕೊಂಡರು. ಅದೇ ವರ್ಷ ಕಲ್ಕತ್ತೆಯಲ್ಲಿ ಗಿರೀಂದ್ರಶೇಖರ ಬೋಸರು ಭಾರತೀಯ ಮನೋವಿಶ್ಲೇಷಣಾ ಸಂಘ ಕಟ್ಟಿದರು. ಆದರೆ ಯುದ್ಧ ಮುಗಿದ ಮೇಲೆ ಶೆಲ್ ಶಾಕ್ ಹೆಚ್ಚುಕಡಿಮೆ ಮರೆತೇ ಹೋಯಿತು. ವಿಯೆಟ್ನಾಂ ಯುದ್ಧದ ಸಿಪಾಯಿಗಳು ಅಮೆರಿಕಕ್ಕೆ ಮರಳಿದ ಮೇಲೆ, 1980ರಲ್ಲಿ, ಅಲ್ಲಿನ ಮನೋವೈದ್ಯರ ಕೈಪಿಡಿಯಲ್ಲಿ ಪಿಟಿಎಸ್‌ಡಿ ಎಂಬ ಹೆಸರು ಸೇರಿತು. ಅಂತೂ ಒಂದು ಕಾಲಮ್ಮು ಸಿಕ್ಕಿತು.

ಇಷ್ಟೆಲ್ಲ ನಾನು ಓದಿದ್ದು ನನ್ನ ಹಿರಿಯ ಸಹೋದ್ಯೋಗಿಯೊಬ್ಬರಿಂದಾಗಿ. (ಬರೆಯಲು ಒಪ್ಪಿದ್ದಾರೆ, ಹೆಸರು ಬೇಡ ಅಂದಿದ್ದಾರೆ.) 2006ರ ಜುಲೈ 11ರ ಸಂಜೆ ಮುಂಬಯಿಯ ವೆಸ್ಟರ್ನ್ ಲೈನಿನ ಲೋಕಲ್‌ಗಳಲ್ಲಿ 11 ನಿಮಿಷದೊಳಗೆ ಏಳು ಬಾಂಬು ಸಿಡಿದವಲ್ಲ, ಮಾಹಿಮ್ ಹತ್ತಿರ ಸಿಡಿದ ಗಾಡಿಯಲ್ಲಿ ಅವರಿದ್ದರು, ಪಕ್ಕದ ಡಬ್ಬಿಯಲ್ಲಿ. ಮೈಗೆ ಏನೂ ಆಗಲಿಲ್ಲ. ಮೂರನೇ ದಿನ ನಮ್ಮ ಬ್ಯಾಂಕು ಯಾರನ್ನೋ ಕರೆಸಿ, ಎಲ್ಲರನ್ನೂ ಹಾಲಿನಲ್ಲಿ ಕೂರಿಸಿ, "ಒಬ್ಬೊಬ್ಬರಾಗಿ ಅನುಭವ ಹೇಳಿ" ಅಂದಿತು. ಇವರು ಎದ್ದು ಹೋದವರು ಆ ವಿಷಯ ಮತ್ತೆ ಎತ್ತಲಿಲ್ಲ. ಘಟನೆ ಆದ ಕೂಡಲೇ ಹೀಗೆ ಒಂದೇ ಸಲ ಕೂರಿಸಿ ಮಾತಾಡಿಸುವುದರಿಂದ ಪಿಟಿಎಸ್‌ಡಿ ತಪ್ಪುವುದಿಲ್ಲ, ಅದನ್ನು ರೂಢಿ ಮಾಡಿಕೊಳ್ಳಬೇಡಿ ಅಂತ ಬ್ರಿಟನ್ನಿನ ಅಧಿಕೃತ ಮಾರ್ಗಸೂಚಿ 2005ರಲ್ಲೇ ಹೇಳಿತ್ತು!

ಒಂದು ವರ್ಷ ಬೋರಿವಲಿಯಿಂದ ಫೋರ್ಟಿಗೆ ಬಸ್ಸು, ಹೋಗಲು ಎರಡೂವರೆ ಗಂಟೆ, ಬರಲು ಎರಡೂವರೆ. ನಿದ್ದೆ ಇಲ್ಲ. ವೋಚರಿಗೆ ಸಹಿ ಹಾಕುವಾಗ ಬಾಗಿಲು ಬಡಿದರೆ ಪೆನ್ನು ಬೀಳುತ್ತಿತ್ತು. ಕೊನೆಗೆ ಅವರ ಮನೆಯವರೇ ಹಠ ಹಿಡಿದು ಮನಃಶಾಸ್ತ್ರಜ್ಞೆಯೊಬ್ಬರ ಹತ್ತಿರ ಕರೆದುಕೊಂಡು ಹೋದರು. ವಾರಕ್ಕೊಂದು ಸಲ. ಮೊದಲ ಎರಡು ವಾರ ಆಕೆ ಬಾಂಬಿನ ಮಾತೇ ಎತ್ತಲಿಲ್ಲವಂತೆ. ಆಮೇಲೆ ಚರ್ಚ್‌ಗೇಟ್ ಪ್ಲಾಟ್‌ಫಾರಮ್ಮಿನಿಂದ ಶುರುಮಾಡಿ, ಈಗ ನಡೆಯುತ್ತಿರುವ ಹಾಗೆ, "ಹತ್ತುತ್ತಿದ್ದೇನೆ, ಕಿಟಕಿ ಪಕ್ಕ ನಿಂತಿದ್ದೇನೆ" ಅಂತ ಹೇಳಿಸಿದರು. ರೆಕಾರ್ಡ್ ಮಾಡಿಕೊಟ್ಟು ಮನೆಯಲ್ಲಿ ದಿನಾ ಕೇಳಲು ಹೇಳಿದರು. ಇವರನ್ನು ಕೊರೆಯುತ್ತಿದ್ದದ್ದು ಬಾಂಬಲ್ಲ, ತಾನು ಯಾರನ್ನೂ ಎತ್ತದೆ ಓಡಿದೆ ಅನ್ನುವ ಸಂಗತಿ. ನಾಲ್ಕನೇ ಸಲ ಹೇಳುವಾಗ ಪೂರ್ತಿ ಮರೆತಿದ್ದ ಒಂದು ಚೂರು ಬಂತು. ಹಳಿಗೆ ಇಳಿದವರು ಒಮ್ಮೆ ತಿರುಗಿ ಹೋಗಿದ್ದರು. ಒಬ್ಬ ಹುಡುಗನನ್ನು ಇನ್ನಿಬ್ಬರ ಜೊತೆ ಸೇರಿ ಇಳಿಸಿದ್ದರು. ಆ ಹುಡುಗ ಏನಾದ ಅಂತ ಇವತ್ತಿಗೂ ಗೊತ್ತಿಲ್ಲ. ಇದನ್ನು ಅವರು ನನಗೆ ಹೇಳಿದ್ದು 2008ರಲ್ಲಿ, ಕ್ಯಾಂಟೀನಿನಲ್ಲಿ, ಚಹಾ ಆರಿಹೋಗುವಷ್ಟು ಹೊತ್ತು. ಆಮೇಲೆ ರಿಟೈರ್ ಆಗುವವರೆಗೂ ಲೋಕಲ್ಲಿನಲ್ಲೇ ಓಡಾಡಿದರು, ಫಸ್ಟ್ ಕ್ಲಾಸ್ ಮಾತ್ರ ಹತ್ತಲಿಲ್ಲ.

ನಮ್ಮೂರಿನವರಿಗೆ ಇದೆಲ್ಲ ಪಟ್ಟಣದ ಸೋಗು ಅನ್ನಿಸಬಹುದು. ಆದರೆ ನಮ್ಮ ಪಕ್ಕದ ಕೋಟದಲ್ಲೇ ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಎಂಬ ಮನೋವೈದ್ಯರು ಮನೆಮನೆ ತಿರುಗಿ ಮಾಡಿದ ಅಧ್ಯಯನ 1976ರಲ್ಲಿ ಪುಸ್ತಕವಾಗಿದೆ. ಜನ ಡಾಕ್ಟರು, ವೈದ್ಯ, ಮಂತ್ರವಾದಿ, ಪಾತ್ರಿ ಹೀಗೆ ಎಲ್ಲ ಕಡೆಯೂ ಹೋಗುತ್ತಿದ್ದರು. ಮಾತಾಡಿಸುವವರ ಹತ್ತಿರ ಹೋಗುವ ಅಭ್ಯಾಸ ನಮಗೇನೂ ಹೊಸದಲ್ಲ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಡಾಕ್ಟರಲ್ಲದ, ತರಬೇತಿ ಪಡೆದ ಸಾಮಾನ್ಯ ಜನರೇ ತೀವ್ರ ಖಿನ್ನತೆಯವರ ಜೊತೆ ಆರರಿಂದ ಎಂಟು ಸಲ ಕೂತು ಮಾತಾಡಿದ ಪ್ರಯೋಗ 2017ರ ಲ್ಯಾನ್ಸೆಟ್‌ನಲ್ಲಿ ಬಂದಿದೆ. 495 ರೋಗಿಗಳು. ಮೂರು ತಿಂಗಳಿಗೆ ಚೇತರಿಸಿಕೊಂಡವರು ಮಾತುಕತೆ ಸಿಕ್ಕವರಲ್ಲಿ ಶೇ. 64, ಸಿಗದವರಲ್ಲಿ ಶೇ. 39. ಬೀಕಾಂ ಓದಿದವನಿಗೂ ಅರ್ಥವಾಗುವ ಅಂಕಿ.

ಉಳಿದದ್ದು ಬಿಲ್ಲಿನ ವಿಷಯ. ನನ್ನ ಸಹೋದ್ಯೋಗಿ 12 ಭೇಟಿಯ ಬಿಲ್ಲನ್ನು, ಭೇಟಿಗೆ 400 ರೂಪಾಯಿಯಂತೆ, ಮೆಡಿಕಲ್ ಕ್ಲೇಮಿಗೆ ಹಾಕಿದ್ದರು. ಔಷಧಿ ಚೀಟಿ ಇಲ್ಲ, ಆಸ್ಪತ್ರೆಗೆ ದಾಖಲಾಗಿಲ್ಲ ಅಂತ ವಾಪಸ್ಸು ಬಂತು. ಮಾನಸಿಕ ಕಾಯಿಲೆಗೂ ದೇಹದ ಕಾಯಿಲೆಯಂತೆಯೇ ವಿಮೆ ಕೊಡಬೇಕು ಎಂಬ 2017ರ ಕಾಯಿದೆ 2018ರ ಮೇ ತಿಂಗಳಿಂದ ಜಾರಿಯಲ್ಲಿದೆ. ಆದರೆ ದಾಖಲಾಗದೆ ಕೂತು ಮಾತಾಡಿ ಬರುವ ಚಿಕಿತ್ಸೆ ಹಲವು ಪಾಲಿಸಿಗಳಲ್ಲಿ ಈಗಲೂ ಹೊರಗೇ ಇದೆ. ನಿಮ್ಮ ಪಾಲಿಸಿಯಲ್ಲಿ "ಹೊರರೋಗಿ" ಅನ್ನುವ ಕಲಮು ಏನು ಹೇಳುತ್ತದೆ, ಒಮ್ಮೆ ತೆಗೆದು ನೋಡಿ. ಅವರ ಆ ಕ್ಲೇಮಿನ ಫಾರಮ್ಮಿನಲ್ಲಿ "ಗಾಯದ ಸ್ವರೂಪ" ಅಂತ ಒಂದು ಕಾಲಮ್ಮಿತ್ತು. ಅದನ್ನು ಅವರು ಖಾಲಿ ಬಿಟ್ಟಿದ್ದರು.