ಇಂಗಳದಾಳ್ ತಾಮ್ರದ ಗಣಿ: ಇತಿಹಾಸ, ಕಾರ್ಯವಿಧಾನ ಮತ್ತು ಭೂಮಾಲೀಕರಿಗೆ ಮಾಹಿತಿ

ಹಿನ್ನೆಲೆ

ಚಿತ್ರದುರ್ಗ ನಗರದ ಸಮೀಪದಲ್ಲಿರುವ ಇಂಗಳದಾಳ್, ಕರ್ನಾಟಕದಲ್ಲಿ ಭೂಗತ ವಿಧಾನದಿಂದ ತಾಮ್ರದ ಅದಿರನ್ನು ತೆಗೆಯಲಾದ ಪ್ರಮುಖ ಸ್ಥಳವಾಗಿದೆ. ಇಲ್ಲಿನ ಶಿಲೆಗಳು ಚಿತ್ರದುರ್ಗ ಶಿಸ್ಟ್ ಪಟ್ಟಿಗೆ ಸೇರಿದವು. ಪುರಾತನ ಕಾಲದ ಅಗೆತದ ಕುರುಹುಗಳೂ ಇಲ್ಲಿ ಕಂಡುಬಂದಿವೆ. ಚಾಲ್ಕೊಪೈರೈಟ್ ಇಲ್ಲಿನ ಮುಖ್ಯ ತಾಮ್ರ ಖನಿಜ. ಇದರೊಂದಿಗೆ ಪೈರೈಟ್ ಹಾಗೂ ಅಲ್ಪ ಪ್ರಮಾಣದಲ್ಲಿ ಸತುವಿನ ಖನಿಜವಾದ ಸ್ಫ್ಯಾಲರೈಟ್ ದೊರೆಯುತ್ತವೆ. ಚಿತ್ರದುರ್ಗ ತಾಮ್ರ ಕಂಪನಿಯು ನಡೆಸುತ್ತಿದ್ದ ಈ ಗಣಿಯನ್ನು ತರುವಾಯ ರಾಜ್ಯ ಸರ್ಕಾರದ ಹಟ್ಟಿ ಚಿನ್ನದ ಗಣಿ ಕಂಪನಿಯು ವಹಿಸಿಕೊಂಡಿತು. ಅನಂತರ ತಾಮ್ರದ ಉತ್ಪಾದನೆ ಸ್ಥಗಿತಗೊಂಡಿತು. ತುಮಕೂರು ಜಿಲ್ಲೆಯ ಅಜ್ಜನಹಳ್ಳಿಯ ಚಿನ್ನದ ಅದಿರನ್ನು ಕೆಲಕಾಲ ಇಲ್ಲಿನ ಸ್ಥಾವರದಲ್ಲಿ ಸಂಸ್ಕರಿಸಲಾಯಿತು.

ಕಾರ್ಯವಿಧಾನ

ಭೂಗತ ಗಣಿಯಲ್ಲಿ ಮೊದಲು ಲಂಬವಾದ ಬಾವಿಯನ್ನು ತೋಡಿ, ವಿವಿಧ ಆಳಗಳಲ್ಲಿ ಅಡ್ಡ ಸುರಂಗಗಳನ್ನು ಕೊರೆಯಲಾಗುತ್ತದೆ. ಸಿಡಿಮದ್ದಿನಿಂದ ಸಡಿಲಿಸಿದ ಅದಿರನ್ನು ಮೇಲಕ್ಕೆತ್ತಿ, ಪುಡಿಮಾಡಿ, ನೀರು ಮತ್ತು ರಾಸಾಯನಿಕಗಳೊಡನೆ ಬೆರೆಸಿ ಗಾಳಿಯನ್ನು ಊದಲಾಗುತ್ತದೆ. ತಾಮ್ರದ ಕಣಗಳು ನೊರೆಗೆ ಅಂಟಿ ತೇಲುತ್ತವೆ. ಸತುವನ್ನು ಅನಂತರ ಪ್ರತ್ಯೇಕವಾಗಿ ತೇಲಿಸಬಹುದು. ಶುದ್ಧ ಚಾಲ್ಕೊಪೈರೈಟಿನಲ್ಲಿ ಶೇ. 34.6ರಷ್ಟು ತಾಮ್ರವಿದ್ದರೂ, ಗಣಿಯಿಂದ ಬರುವ ಅದಿರಿನಲ್ಲಿ ಅದರ ಪ್ರಮಾಣ ಸಾಮಾನ್ಯವಾಗಿ ಬಹಳ ಕಡಿಮೆ. ಆದುದರಿಂದ ಲೋಹದ ಬೆಲೆ ಕುಸಿದರೆ, ಅದಿರು ಉಳಿದಿದ್ದರೂ ಗಣಿಯನ್ನು ನಡೆಸುವುದು ಕಷ್ಟವಾಗುತ್ತದೆ.

ಭೂಮಾಲೀಕರ ಗಮನಕ್ಕೆ

1. ಗಣಿ ಮತ್ತು ಖನಿಜಗಳ (ಅಭಿವೃದ್ಧಿ ಮತ್ತು ನಿಯಂತ್ರಣ) ಅಧಿನಿಯಮ, 1957ರ ಪ್ರಕಾರ, ಗುತ್ತಿಗೆಯಿಲ್ಲದೆ ಸ್ವಂತ ಜಮೀನಿನಲ್ಲಿಯೂ ತಾಮ್ರ ಅಥವಾ ಸತುವಿನ ಗಣಿಗಾರಿಕೆ ನಡೆಸುವಂತಿಲ್ಲ.

2. 2015ರ ತಿದ್ದುಪಡಿಯ ನಂತರ ಖಾಸಗಿಯವರಿಗೆ ಇಂತಹ ಗುತ್ತಿಗೆಯನ್ನು ಹರಾಜಿನ ಮೂಲಕ ನೀಡಲಾಗುತ್ತದೆ. ತಾಮ್ರ ಮತ್ತು ಸತುವನ್ನು ಒಳಗೊಂಡಂತೆ 29 ಖನಿಜಗಳಿಗೆ 2023ರ ತಿದ್ದುಪಡಿಯಲ್ಲಿ ಅನ್ವೇಷಣಾ ಪರವಾನಗಿಯನ್ನೂ ಕಲ್ಪಿಸಲಾಗಿದೆ.

3. ಗುತ್ತಿಗೆದಾರನು ಜಮೀನಿನ ಅನುಭವದಾರನಿಗೆ ಪರಿಹಾರ ನೀಡತಕ್ಕದ್ದು. ಗಣಿ ಬಾಧಿತ ಜನರ ಹಿತಕ್ಕಾಗಿ ಜಿಲ್ಲಾ ಖನಿಜ ಪ್ರತಿಷ್ಠಾನಗಳನ್ನು ಸ್ಥಾಪಿಸಲು 2015ರಲ್ಲಿ ಅವಕಾಶ ಕಲ್ಪಿಸಲಾಯಿತು.

4. ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರದಂತಹ ಅರಣ್ಯಭರಿತ ತಾಲ್ಲೂಕುಗಳಲ್ಲಿ, ಅರಣ್ಯ ಭೂಮಿಯ ಕೆಳಗಿನ ಗಣಿಗಾರಿಕೆಗೂ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯನ್ವಯ ಕೇಂದ್ರ ಸರ್ಕಾರದ ಪೂರ್ವಾನುಮತಿ ಅಗತ್ಯ.

5. ಕೈಬಿಟ್ಟ ಗಣಿಬಾವಿಗಳ ಸುತ್ತ ಬೇಲಿ ಇರತಕ್ಕದ್ದು. ಹಳೆಯ ಸುರಂಗಗಳಲ್ಲಿ ಆಮ್ಲಜನಕದ ಕೊರತೆ ಮತ್ತು ಕುಸಿತದ ಅಪಾಯವಿರುವುದರಿಂದ ಸಾರ್ವಜನಿಕರು ಅವುಗಳನ್ನು ಪ್ರವೇಶಿಸಬಾರದು. ತೆರೆದ ಬಾವಿ ಕಂಡುಬಂದಲ್ಲಿ ಜಿಲ್ಲೆಯ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಕಚೇರಿಗೆ ಸರ್ವೆ ನಂಬರ್ ಸಹಿತ ಲಿಖಿತವಾಗಿ ತಿಳಿಸಬಹುದು.